ಶಿವಯ್ಯನ ಕೋವಿ ಬೀರು

ಉಡಿದಾರ ಕತ್ತರಿಸಲು ಬ್ಲೇಡು ಸಿಗದೆ ಎಲ್ಲರೂ ಸುಮ್ಮನೆ ನಿಂತಿದ್ದರು. ಶಿವಯ್ಯನನ್ನು ಅಂಗಳದ ಬೆಂಚಿನ ಮೇಲೆ ಮಲಗಿಸಿ, ಸುತ್ತ ಸೀರೆಗಳನ್ನು ಅಡ್ಡ ಹಿಡಿದು, ಗಂಡಸರು ನೀರು ಹಾಕಿ ಮುಗಿಸಿದ್ದರು. ಬಿಳಿ ಪಂಚೆ, ಬಿಳಿ ಅಂಗಿ ತೊಡಿಸುವುದೊಂದು ಬಾಕಿ. ಉಡಿದಾರ ತೆಗೆಯದೆ ಬಟ್ಟೆ ಉಡಿಸಬೇಡಿ ಎಂದು ಸೀರೆಯ ಆಚೆಯಿಂದ ಸತ್ತವನ ಅಕ್ಕ ಚಲುವಮ್ಮ ಹೇಳಿದಳು. ನಾವು ಬೌದ್ಧರಾಗಿ ಎಷ್ಟೋ ವರ್ಷವಾಯಿತು, ಅದೆಲ್ಲ ನಮಗಿಲ್ಲ ಎಂದು ಸೀರೆಯ ಒಳಗಿನಿಂದ ಸತ್ತವನ ತಮ್ಮ ಭೀಮರಾಜ್ ಹೇಳಿದ.

"ಬೌದ್ಧನ ಸೊಂಟದಾಗೆ ಉಡಿದಾರ ಯಾಕೈತೆ ಹಂಗಾರೆ?" ಎಂದಳು ಚಲುವಮ್ಮ.

ಯಾರೋ ನಕ್ಕು, ನಕ್ಕಿದ್ದನ್ನು ಕೆಮ್ಮು ಮಾಡಿಕೊಂಡರು.

ಮಾಲಿನಿ ಸೀರೆಯ ಒಂದು ತುದಿ ಹಿಡಿದಿದ್ದಳು. ಮಗಳಾದ್ದರಿಂದ ಮುಖ ಆಚೆ ತಿರುಗಿಸಿಕೊಂಡಿದ್ದಳು. ಬೇಲೂರಿನ ಆಸ್ಪತ್ರೆಯಲ್ಲಿ ನರ್ಸಾಗಿ ಎಷ್ಟೋ ಗಂಡಸರ ಮೈ ಒರೆಸಿದ್ದ ಅವಳಿಗೆ, ತನ್ನ ಅಪ್ಪನ ಮೈಯೊಂದನ್ನು ಮಾತ್ರ ನೋಡಬಾರದೆನ್ನುವುದು ಆ ಹೊತ್ತಿನಲ್ಲೂ ವಿಚಿತ್ರವೆನಿಸಿತು. ಬ್ಲೇಡು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಸೀರೆಯ ತುದಿಯನ್ನು ಪಕ್ಕದವಳಿಗೆ ಕೊಟ್ಟು, ಬಚ್ಚಲ ಕಿಟಕಿಯಲ್ಲಿದ್ದ ಅಪ್ಪನ ಶೇವಿಂಗ್ ಡಬ್ಬಿಯಿಂದ ಬ್ಲೇಡು ತಂದು, ತಾನೇ ಕತ್ತರಿಸುತ್ತೇನೆ ಎಂದಳು. ಹೆಣ್ಣುಮಕ್ಕಳು ಮಾಡುವ ಕೆಲಸವಲ್ಲ ಎಂದು ಚಲುವಮ್ಮ ಗದರಿದಳು. ಈ ವಿಷಯದಲ್ಲಿ ಬೌದ್ಧ ಭೀಮರಾಜನಿಗೂ ಅಕ್ಕನ ಜೊತೆ ತಕರಾರಿರಲಿಲ್ಲ. ಸೀರೆಯ ಮೇಲಿಂದ ಕೈ ಚಾಚಿ ಬ್ಲೇಡು ಇಸಿದುಕೊಂಡ.

ಮಾಲಿನಿಗೆ ಬೇಕಾಗಿದ್ದದ್ದು ಉಡಿದಾರವಲ್ಲ, ಅದಕ್ಕೆ ಕಟ್ಟಿದ್ದ ಬೀಗದ ಕೈ. ಅದು ಕೋವಿ ಬೀರುವಿನ ಬೀಗದ ಕೈ. ಎರಡು ವರ್ಷದಿಂದ ಅದು ಅಪ್ಪನ ಸೊಂಟ ಬಿಟ್ಟು ಕದಲಿರಲಿಲ್ಲ. ಸ್ನಾನಕ್ಕೂ ಅಲ್ಲೇ, ನಿದ್ದೆಗೂ ಅಲ್ಲೇ.

ದಾರ ತುಂಡಾದ ಮೇಲೆ ಭೀಮರಾಜ್ ಬೀಗದ ಕೈಯನ್ನು ಬಕೆಟ್ಟಿನ ನೀರಲ್ಲಿ ಅದ್ದಿ ತೊಳೆದ. ಆಮೇಲೆ ಮಾಲಿನಿಯ ತಮ್ಮ ಸಮ್ಯಕನನ್ನು ಕರೆದು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿ ಮುಚ್ಚಿದ.

"ಇನ್ಮೇಲೆ ಈ ಮನೆ ಯಜಮಾನ ನೀನಪ್ಪ. ಅಣ್ಣನ ಕೋವಿನೂ ನಿಂದೇ."

ಅಪ್ಪನಿಗೆ ನೀರು ಹಾಕಿ ಸಮ್ಯಕನ ಬಿಳಿ ಅಂಗಿ ಎದೆಯವರೆಗೂ ನೆನೆದಿತ್ತು. ಬೀಗದ ಕೈಯನ್ನು ಆ ಅಂಗಿಯ ಜೇಬಿಗೆ ಹಾಕಿಕೊಂಡ. ಒದ್ದೆ ಬಟ್ಟೆಯೊಳಗೆ ಅದು ಚೆನ್ನಾಗಿ ಕಾಣುತ್ತಿತ್ತು. ಆ ಹೊತ್ತಿನಿಂದ ಮಾಲಿನಿ ತಮ್ಮನ ಮುಖ ನೋಡಲಿಲ್ಲ, ಜೇಬು ನೋಡಿದಳು.

ಬೆಳಿಗ್ಗೆ ಅವ್ವ ಫೋನು ಮಾಡಿದಾಗ ಅವಳು ಡ್ಯೂಟಿಗೆ ಹೊರಡುತ್ತಿದ್ದಳು. ಅಪ್ಪ ಬ್ಯಾಂಕಿಗೆ ಹೊರಡಲು ಶೂ ಲೇಸು ಕಟ್ಟುತ್ತ ಬಗ್ಗಿದವನು ಮೇಲೇಳಲಿಲ್ಲ ಎಂದಿದ್ದಳು ಅವ್ವ. ಹಳೇಬೀಡು, ಜಾವಗಲ್, ಬಾಣಾವರ ದಾಟಿ ಅರಸೀಕೆರೆ ಮುಟ್ಟುವವರೆಗೂ ಬಸ್ಸಿನಲ್ಲಿ ಮಾಲಿನಿಗೆ ಅಳು ಬರಲಿಲ್ಲ. ಒಂದೇ ಯೋಚನೆ ಬರುತ್ತಿತ್ತು. ಅಪ್ಪ ಬ್ಯಾಂಕಿನ ಗನ್‌ಮ್ಯಾನು. ಮನೆಯಲ್ಲಿರುವಾಗ ಕೋವಿ ಮನೆಯಲ್ಲಿರುತ್ತಿತ್ತು, ಹೊರಗೆ ಹೋಗುವಾಗ ಅವನ ಹೆಗಲ ಮೇಲೆ ಅವನ ಜೊತೆಗೇ ಹೋಗುತ್ತಿತ್ತು. ಅಪ್ಪನಿಲ್ಲದ ಮನೆಯಲ್ಲಿ ಕೋವಿ ಒಂದೇ ಉಳಿದಿರುವುದು ಇವತ್ತೇ ಮೊದಲು.

ಬೀದಿಯ ತುದಿಯಲ್ಲಿ ಆಗಲೇ ಫ್ಲೆಕ್ಸ್ ಕಟ್ಟಿದ್ದರು. ಸಮವಸ್ತ್ರದ ಶಿವಯ್ಯ ಜೋಡು ನಳಿಗೆಯ ಕೋವಿ ಹಿಡಿದು ನಿಂತ ಫೋಟೋ, ಮೇಲೆ ಬುದ್ಧ, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಕೋವಿಯ ತುದಿ ಬುದ್ಧನ ಕಿವಿಯ ಹತ್ತಿರ ಬಂದಿತ್ತು. ಫ್ಲೆಕ್ಸಿನವನಿಗೆ ಅಷ್ಟು ಜಾಗ ಬಿಡಲು ಗೊತ್ತಾಗಿರಲಿಲ್ಲ.

ಶಾಮಿಯಾನದ ಕೆಳಗೆ ಮಾತು ನಡೆದಿತ್ತು. ಸೈನ್ಯದಿಂದ ಬಂದ ಮೇಲೆ ಶಿವಯ್ಯ ಬ್ಯಾಂಕಿನ ಬಾಗಿಲಲ್ಲಿ ಎಷ್ಟು ವರ್ಷ ನಿಂತನೆಂದು ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳಿದರು. ಒಂದು ಸಲ ಕರುವೊಂದು ಬ್ಯಾಂಕಿನೊಳಗೆ ನುಗ್ಗಿದಾಗ ಶಿವಯ್ಯ ಅದರ ಕಿವಿ ಹಿಡಿದು, ಸಾಲಲ್ಲಿ ಬಾರೋ ಎಂದು ಹೊರಗೆ ಕರೆದುಕೊಂಡು ಹೋದದ್ದನ್ನು ಮ್ಯಾನೇಜರು ನೆನೆಸಿಕೊಂಡರು. ಗಿರಾಕಿಯೊಬ್ಬ, ನಿಮ್ಮ ಗನ್ನು ನಿಜಕ್ಕೂ ಸಿಡಿಯುತ್ತಾ ಎಂದು ಕೇಳಿದ್ದಕ್ಕೆ, ನನಗೂ ಗೊತ್ತಿಲ್ಲ, ಗೊತ್ತಾಗದೇ ಇರಲಿ ಅಂದಿದ್ದನಂತೆ. ಎಲ್ಲರೂ ಒಪ್ಪಿದ್ದು ಒಂದು ಮಾತಿಗೆ. ಸೈನ್ಯ ಬಿಟ್ಟ ಮೇಲೆ ಶಿವಯ್ಯ ಒಂದೇ ಒಂದು ಗುಂಡು ಹಾರಿಸಿದವನಲ್ಲ. ಕೋವಿಯಿದ್ದೂ ಹಾರಿಸದೆ ಇರುವುದು ಎಲ್ಲರ ಕೈಲಾಗುವ ಕೆಲಸವಲ್ಲ ಎಂದು ಭೀಮರಾಜ್ ಹೇಳಿದಾಗ ಮುದುಕರು ತಲೆದೂಗಿದರು.

ಭೀಮರಾಜ್ ತಾಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಶಾಮಿಯಾನದ ಕೆಳಗೇ ಸಮ್ಯಕನ ಹೆಸರಿಗೆ ಲೈಸೆನ್ಸು ವರ್ಗ ಮಾಡಿಸುವ ಮಾತೆತ್ತಿದ. ವಾರಸುದಾರ ಅರ್ಜಿ ಕೊಟ್ಟರೆ ಆಗುತ್ತದೆ, ಡಿಸಿ ಆಫೀಸಲ್ಲಿ ತನಗೆ ಗೊತ್ತಿರುವವರಿದ್ದಾರೆ. ನಮ್ಮ ತಾತ ಊರ ಗೌಡರ ಜಗಲಿಯ ಕೆಳಗೆ ಕೈಕಟ್ಟಿ ನಿಂತಿದ್ದವರು, ಜಗಲಿಯ ಗೋಡೆಗೆ ಕೋವಿ ತೂಗುಹಾಕಿರುತ್ತಿತ್ತು. ಅಂಥ ಕೋವಿ ನಮ್ಮ ಮನೆಯ ಗೋಡೆಗೆ ಬರಲು ಎಷ್ಟು ತಲೆಮಾರು ಬೇಕಾಯಿತು, ಅದನ್ನು ವಾಪಸು ಕೊಡುವ ಮಾತೇ ಇಲ್ಲ ಎಂದ. ಮಾಲಿನಿಗೆ ಆ ಮಾತು ಸುಳ್ಳೆನಿಸಲಿಲ್ಲ. ಸುಳ್ಳಾಗಿದ್ದರೆ ಎದುರಾಡಬಹುದಿತ್ತು.

ಸ್ಟೇಷನ್ನಿನಿಂದ ಕಾನ್‌ಸ್ಟೇಬಲ್ ಮೋಹನ್‌ಕುಮಾರ್ ಹಾರ ತಂದಿದ್ದ. ಬ್ಯಾಂಕಿನ ಬೀಟಿಗೆ ಬರುವಾಗ ಶಿವಯ್ಯನ ಜೊತೆ ಟೀ ಕುಡಿಯುತ್ತಿದ್ದವನು. ಅವನು ಹಾರ ಹಾಕಿ ಹಿಂದೆ ಸರಿಯುವುದನ್ನೇ ಕಾದು ಮಾಲಿನಿ ಅವನನ್ನು ನೀರಿನ ತೊಟ್ಟಿಯ ಮಗ್ಗುಲಿಗೆ ಕರೆದಳು. ಕೋವಿಯನ್ನು ಇವತ್ತೇ ಸ್ಟೇಷನ್ನಿಗೆ ತೆಗೆದುಕೊಂಡು ಹೋಗಿ ಎಂದಳು. ಲೈಸೆನ್ಸುದಾರ ತೀರಿಕೊಂಡರೆ ಒಪ್ಪಿಸಲೇಬೇಕು, ಆದರೆ ಅವಸರವೇನಿಲ್ಲ ಎಂದ ಅವನು. ರಿಜಿಸ್ಟರು ಬರೆಯುವ ರೈಟರು ಭಾನುವಾರದವರೆಗೂ ರಜೆ, ಸೋಮವಾರ ಸಮ್ಯಕ್ ಬಂದು ಕೊಡಲಿ. ಅಲ್ಲಿಯವರೆಗೆ ನಿಮ್ಮ ಮನೆಯಷ್ಟು ಭದ್ರವಾದ ಜಾಗ ನಮ್ಮ ಸ್ಟೇಷನ್ನಲ್ಲೂ ಇಲ್ಲ, ಆ ಬೀರು ನೋಡಿದ್ದೀನಿ, ಆನೆ ಕಟ್ಟಿ ಎಳೆದರೂ ಬರಲ್ಲ ಎಂದು ಸಮಾಧಾನ ಹೇಳಿದ.

"ಸೋಮವಾರದವರೆಗೆ ಆಗಲ್ಲ ಅಣ್ಣ," ಎಂದಳು ಮಾಲಿನಿ.

"ಯಾಕೆ ಸಿಸ್ಟರ್, ಏನಾದ್ರೂ ಐತಾ?"

ಏನಿಲ್ಲ ಎಂದಳು. ಏನೋ ಇದೆ ಎಂದು ಹೇಳಿದರೆ ಅದು ಸ್ಟೇಷನ್ನಿಗೆ ಹೋಗುತ್ತದೆ, ಸ್ಟೇಷನ್ನಿಂದ ಹಾರನಹಳ್ಳಿಯ ಹೈಸ್ಕೂಲಿಗೆ ಹೋಗುತ್ತದೆ, ಅಲ್ಲಿ ಸಮ್ಯಕ್ ಅತಿಥಿ ಶಿಕ್ಷಕ. ಮಕ್ಕಳ ಬಾಯಿಗೆ ಹೋಗುತ್ತದೆ. ಅವ್ವನಿಗೆ ಭಯವಾಗುತ್ತೆ, ಮನೆಯಲ್ಲಿ ಹೆಂಗಸರೇ ಇರುವುದು ಎಂದು ಏನೋ ಜೋಡಿಸಿ ಹೇಳಿದಳು. ಮೋಹನ್‌ಕುಮಾರ್ ಶಾಮಿಯಾನದ ಕಡೆ ನೋಡಿದ. ಸಮ್ಯಕ್ ಅಲ್ಲಿ ಮುದುಕರಿಗೆ ಕುರ್ಚಿ ಹಾಕುತ್ತಿದ್ದ. ಸಾಹೇಬರನ್ನು ಕೇಳಿ ನೋಡುತ್ತೇನೆ, ಮಾತು ಕೊಡಲಾರೆ ಎಂದು ಹೇಳಿ ಮೋಹನ್‌ಕುಮಾರ್ ಬೈಕು ಹತ್ತಿದ.

* * *

ಎರಡು ವರ್ಷದ ಹಿಂದೆ, ಬ್ಯಾಂಕಿಗೆ ರಜೆಯಿದ್ದ ಒಂದು ಮಧ್ಯಾಹ್ನ ಶಿವಯ್ಯ ಉಂಡು ಮಲಗಿ ಎದ್ದಾಗ ಮಂಚದ ಕೆಳಗಿನ ಟ್ರಂಕು ತೆರೆದಿತ್ತು. ಆಗ ಕೋವಿಯ ಜಾಗ ಅದೇ, ಸೈನ್ಯದಿಂದ ತಂದ ಹಸಿರು ಟ್ರಂಕು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸಮ್ಯಕ್ ಕೂತಿದ್ದ. ಕೋವಿ ಅವನ ತೊಡೆಯ ಮೇಲಿತ್ತು.

ಶಿವಯ್ಯ ಓಡಲಿಲ್ಲ, ಕೂಗಲಿಲ್ಲ. ಕಲ್ಲಿನ ಮೇಲೆ ಮಗನ ಪಕ್ಕ ಜಾಗ ಮಾಡಿಕೊಂಡು ಕೂತ. ತೆಂಗಿನ ಮರದ ನೆರಳು ಇಬ್ಬರ ಕಾಲಿನ ಮೇಲಿಂದ ಗೋಡೆಗೆ ಹೋಗುವವರೆಗೂ ಕೂತ. ಆಮೇಲೆ, ಕೊಡಪ್ಪ, ಒರೆಸಿ ಇಡ್ತೀನಿ ಎಂದ. ಸಮ್ಯಕ್ ಕೊಟ್ಟ. ಕೋವಿಯನ್ನು ನಡುವೆ ಮಡಚಿ ತೆರೆದಾಗ ಒಂದು ತೋಟಾ ಜಾರಿ ಶಿವಯ್ಯನ ಅಂಗೈಗೆ ಬಂತು. ಅದನ್ನು ಅವನು ತೋಟಾಗಳ ಬೆಲ್ಟಿಗೆ ವಾಪಸು ಸೇರಿಸಲಿಲ್ಲ. ಕೆರೆ ಏರಿಗೆ ನಡೆದುಹೋಗಿ ನೀರಿಗೆ ಎಸೆದು, ಅಲ್ಲಿಂದಲೇ ಮಾಲಿನಿಗೆ ಫೋನು ಮಾಡಿದ. ಮಗಳ ಹತ್ತಿರ ಅಪ್ಪ ಅತ್ತದ್ದು ಅದೊಂದೇ ಸಲ. ಅಳುವುದೂ ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ, ಉಸಿರು ಸಿಕ್ಕಿಹಾಕಿಕೊಂಡವನ ಹಾಗೆ ಸದ್ದು ಮಾಡಿದ. ನಿಮ್ಮವ್ವನಿಗೆ ಗೊತ್ತಾಗಬಾರದು ಎಂದ.

ಮಾಲಿನಿ ತಮ್ಮನನ್ನು ಹಾಸನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಯಾಕೆ ಎಂದು ಡಾಕ್ಟರು ಕೇಳಿದರು, ಅವಳೂ ಕೇಳಿದಳು. ಸಮ್ಯಕ್ ನಿಜವಾಗಿ ಯೋಚಿಸಿ, ಹೇಳಲು ಏನೂ ಸಿಗದೆ, ಗೊತ್ತಿಲ್ಲ ಎಂದ. ಮಾತ್ರೆ ನುಂಗಿದ. ನಿದ್ದೆ ಬಂತು. ಕೆಲಸಕ್ಕೆ ಹೋದ. ಗುಣವಾಯಿತೆಂದು ಯಾರೂ ಹೇಳಲಿಲ್ಲ, ಆಗಿಲ್ಲವೆಂದೂ ಹೇಳಲಿಲ್ಲ.

ಕೋವಿ ಒಪ್ಪಿಸಿಬಿಡು ಎಂದು ಅವಳು ಅಪ್ಪನಿಗೆ ಹೇಳಿದ್ದಳು. ಆಸ್ಪತ್ರೆಯಲ್ಲಿ ಬೇರೆ ಮನೆಗಳವರಿಗೆ ಅವಳು ದಿನವೂ ಹೇಳುತ್ತಿದ್ದ ಮಾತೇ ಅದು. ಕೈಗೆ ಸಿಗುವಂಥದ್ದನ್ನು ದೂರ ಇಡಿ, ಹೊತ್ತು ಕಳೆದರೆ ಮನಸ್ಸು ತಿರುಗುತ್ತದೆ. ಶಿವಯ್ಯ ತಲೆಯಾಡಿಸಿದ. ಸ್ವಂತ ಕೋವಿ ಇದ್ದವರಿಗೇ ಗನ್‌ಮ್ಯಾನ್ ಕೆಲಸ. ಅದು ಹೋದರೆ ಕೆಲಸ ಹೋಗುತ್ತೆ, ಯಾಕೆ ಕೊಟ್ಟೆ ಅಂತ ಊರೆಲ್ಲ ಕೇಳುತ್ತೆ, ಸಮ್ಯಕನಿಗೆ ಅದೂ ಒಂದು ಭಾರ. ನಾನು ಬಂದೋಬಸ್ತು ಮಾಡ್ತೀನಿ ಬಿಡು ಎಂದ.

* * *

ಮಸಣಕ್ಕೆ ಹೆಂಗಸರೂ ಹೋದರು. ಕೆರೆಯ ಹಿಂದೆ, ಜಾಲಿಮರಗಳ ನಡುವೆ ಗುಂಡಿ ತೆಗೆದಿತ್ತು. ಭೀಮರಾಜ್ ತಿಸರಣ ಪಂಚಶೀಲ ಹೇಳಿಸಿದ. ಪ್ರಾಣಹಿಂಸೆ ಮಾಡುವುದಿಲ್ಲ ಎಂಬ ಸಾಲನ್ನು ಪಾಲಿಯಲ್ಲಿ ಎರಡು ಸಲ ಹೇಳಿಸಿದ. ಚಲುವಮ್ಮ ಯಾರಿಗೂ ಕಾಣದ ಹಾಗೆ ಸೆರಗಿನ ಗಂಟಿನಿಂದ ಅಕ್ಕಿ ತೆಗೆದು ತಮ್ಮನ ಬಾಯಿಗೆ ಹಾಕಿದಳು. ಕಂಡವರೂ ಕಾಣದವರ ಹಾಗಿದ್ದರು.

ಸಮ್ಯಕ್ ಮಣ್ಣು ಹಾಕಲು ಬಗ್ಗಿದ. ಬಗ್ಗಿದಾಗ ಬೀಗದ ಕೈ ಜೇಬಿನಿಂದ ಜಾರಿ ಗುಂಡಿಯ ಅಂಚಿನ ಸಡಿಲ ಮಣ್ಣಿನ ಮೇಲೆ ಬಿತ್ತು.

ಮಾಲಿನಿಯೇ ಹತ್ತಿರವಿದ್ದಳು. ಯಾರೂ ಕೈ ಚಾಚುವ ಮೊದಲೇ ಎತ್ತಿಕೊಂಡಳು. ಅಂಗೈಯಲ್ಲಿ ಅದು ಬೆಚ್ಚಗಿತ್ತು, ತಮ್ಮನ ಮೈಯ ಬಿಸಿ. ಗುಂಡಿ ಕಾಲಿನ ಬುಡದಲ್ಲೇ ಇತ್ತು. ಬೆರಳು ಸಡಿಲಿಸಿದರೆ ಸಾಕು, ಮೇಲೆ ಮಣ್ಣು ಬೀಳುತ್ತದೆ, ಆಯಿತು. ಅಷ್ಟು ಸುಲಭವಾದ ಕೆಲಸ ಅವಳ ಇಡೀ ಬದುಕಿನಲ್ಲಿ ಎದುರಾಗಿರಲಿಲ್ಲ. ತಲೆಯೆತ್ತಿದಳು. ಸಮ್ಯಕ್ ಎರಡೂ ಕೈಯಲ್ಲಿ ಮಣ್ಣು ಹಿಡಿದು ಅವಳನ್ನೇ ನೋಡುತ್ತಿದ್ದ. ಸಿಟ್ಟಿಲ್ಲ, ಬೇಡಿಕೆಯಿಲ್ಲ. ಅಕ್ಕ ಏನು ಮಾಡುತ್ತಾಳೆಂದು ಸುಮ್ಮನೆ ಕಾಯುತ್ತಿದ್ದ. ಬೀಳಿಸಿದರೆ, ಎರಡು ವರ್ಷ ಯಾರೂ ಬಾಯಿಬಿಟ್ಟು ಹೇಳದೆ ಕಾಪಾಡಿಕೊಂಡು ಬಂದ ಮಾತನ್ನು ಅವಳು ಈಗ, ಅಪ್ಪನ ಗುಂಡಿಯ ಮುಂದೆ, ಎಲ್ಲರ ಎದುರಿಗೆ ಹೇಳಿದ ಹಾಗಾಗುತ್ತಿತ್ತು.

"ಕೊಡವ್ವ, ಅವನಿಗೆ ಕೊಡು," ಎಂದ ಭೀಮರಾಜ್.

ಸಮ್ಯಕನ ಕೈಯಲ್ಲಿ ಮಣ್ಣಿತ್ತು. ಮಾಲಿನಿಯೇ ಬೀಗದ ಕೈಯನ್ನು ಅವನ ಜೇಬಿಗೆ ಹಾಕಿ, ಜೇಬಿನ ಗುಂಡಿ ಹಾಕಿದಳು.

* * *

ಶಿವಯ್ಯ ಹೇಳಿದ್ದ ಆ ಬಂದೋಬಸ್ತು ಸುಲಭವಾಗಿರಲಿಲ್ಲ. ಅರಸೀಕೆರೆಯ ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ತಗಡಿನ ಉದ್ದನೆಯ ಬೀರು ಮಾಡಿಸಿ ತಂದಾಯಿತು. ಆಳೆತ್ತರಕ್ಕೆ ಸ್ವಲ್ಪ ಕಡಿಮೆ, ಒಬ್ಬ ಸಣಕಲ ಮನುಷ್ಯ ನಿಲ್ಲಬಹುದಾದಷ್ಟು ಅಗಲ. ಬೀರುವನ್ನು ಬರೀ ನಿಲ್ಲಿಸಿದರೆ ಪ್ರಯೋಜನವಿಲ್ಲ, ಕೆಡವಿ ಹಿಂದಿನಿಂದ ಮೀಟಬಹುದು, ಗೋಡೆಗೆ ಕಚ್ಚಿಸಬೇಕು ಎಂದ ಶಿವಯ್ಯ. ಮಾಲಿನಿ ಆ ಭಾನುವಾರ ಬೇಲೂರಿನಿಂದ ಬಂದಿದ್ದಳು. ಅವ್ವನಿಗೆ, ಬ್ಯಾಂಕಿನವರು ಹೊಸ ರೂಲು ಮಾಡಿದ್ದಾರೆ ಎಂದು ಹೇಳಿದ್ದರು.

ಮನೆಯ ಗೋಡೆ ಒಳಗೆ ಪೊಳ್ಳಿರುವ ಸಿಮೆಂಟ್ ಬ್ಲಾಕಿನದು. ಶಿವಯ್ಯ ಡ್ರಿಲ್ಲು ಹಾಕಿದಾಗ ಬ್ಲಾಕು ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಹಿಗ್ಗುವ ಬೋಲ್ಟು ಹಾಕಿ ತಿರುಗಿಸಿದರೆ ಒಳಗೆ ಹಿಡಿತ ಸಿಗದೆ ಸುಮ್ಮನೆ ತಿರುಗಿತು. ಬಿಗಿಯಾಯಿತೆಂದುಕೊಂಡು ಎಳೆದರೆ ಬೀರು, ಬೋಲ್ಟು, ಗೋಡೆಯ ಚೂರು ಮೂರೂ ಒಟ್ಟಿಗೆ ಕೈಗೆ ಬಂದವು. ಶಿವಯ್ಯ ನೆಲದ ಮೇಲೆ ಕೂತುಬಿಟ್ಟ. ಇಷ್ಟು ದಿನ ಇಂಥ ಗೋಡೆ ನಂಬಿಕೊಂಡು ಒಳಗೆ ಮಲಗಿದ್ವಾ ಎಂದ.

ಆಮೇಲೆ ಆ ಬ್ಲಾಕುಗಳನ್ನು ಒಡೆದು, ಪೊಳ್ಳಿಗೆ ಕಂಬಿ ಇಳಿಸಿ ಕಾಂಕ್ರೀಟು ತುಂಬಿದ. ಅದು ಗಟ್ಟಿಯಾಗುವವರೆಗೆ ದಿನವೂ ನೀರು ಹಾಕಿದ. ಮುಂದಿನ ಸಲ ಮಾಲಿನಿ ಬಂದಾಗ ಬೋಲ್ಟುಗಳನ್ನು ಗೋಡೆಯ ಪೂರ್ತಿ ಒಳಗಿಂದ ಆಚೆಗೆ ಹಾಯಿಸಿ, ಆಚೆ ಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು ನಟ್ಟು ಹಾಕುವುದೆಂದು ತೀರ್ಮಾನವಾಗಿತ್ತು. ಬೋಲ್ಟಿನ ತಲೆ ಬೀರುವಿನ ಒಳಗೆ, ನಟ್ಟು ಆಚೆಗೆ. ಆಚೆಗಿದ್ದದ್ದು ಸಮ್ಯಕನ ಕೋಣೆ.

ಈ ಕಡೆಯಿಂದ ತಿರುಗಿಸುವಾಗ ಆ ಕಡೆ ನಟ್ಟು ತಿರುಗದ ಹಾಗೆ ಯಾರಾದರೂ ಹಿಡಿಯಬೇಕು. ಮಾಲಿನಿ ಬೀರುವಿನೊಳಗೆ ಟಾರ್ಚು ಬಿಡುತ್ತಿದ್ದಳು. ಶಿವಯ್ಯ ಸ್ವಲ್ಪ ಹೊತ್ತು ಸ್ಪ್ಯಾನರು ಹಿಡಿದು ನಿಂತಿದ್ದು, ಆಮೇಲೆ ಕರೆದ.

"ಸಮ್ಯಕ್. ಆ ಕಡೆ ಹಿಡ್ಕತೀಯೇನಪ್ಪ?"

ಕೋಣೆಯಲ್ಲಿ ಮಂಚ ಸರಿಸಿದ ಸದ್ದಾಯಿತು. ಆಮೇಲೆ ಅಪ್ಪ ಮಗ ಗೋಡೆಯ ಎರಡು ಕಡೆ ನಿಂತು ಕೆಲಸ ಮಾಡಿದರು. ಹಿಡಿದಿದ್ದೀಯಾ ಎಂದು ಅಪ್ಪ ಕೇಳುವನು. ಹಿಡಿದಿದ್ದೀನಿ ಎಂದು ಗೋಡೆಯೊಳಗಿಂದ ಮಗ ಹೇಳುವನು. ಅಪ್ಪ ತಿರುಗಿಸುವನು. ಬೇರೆ ಮಾತಿಲ್ಲ. ಒಂದೊಂದು ಬೋಲ್ಟಿಗೂ ಅದೇ ಪ್ರಶ್ನೆ, ಅದೇ ಉತ್ತರ. ಇನ್ನು ತಿರುಗದಷ್ಟು ಬಿಗಿಯಾದ ಮೇಲೂ ಶಿವಯ್ಯ ಮತ್ತೊಂದು ಸಲ ಕೇಳಿದ. ಟಾರ್ಚಿನ ಬೆಳಕಿನಲ್ಲಿ ಅವನ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಹಿಡಿದಿದ್ದೀನಪ್ಪ ಎಂದಿತು ಗೋಡೆ.

ವೆಲ್ಡಿಂಗಿನವನು ಬಂದು ಆ ಕಡೆಯ ನಟ್ಟುಗಳನ್ನು ಪಟ್ಟಿಗೆ ಬೆಸೆದು ಹೋದ. ಅವು ಸಮ್ಯಕನ ದಿಂಬಿನ ಮೇಲೆಯೇ ಗೋಡೆಯಿಂದ ಚಾಚಿಕೊಂಡಿದ್ದವು. ಅವನು ಅವಕ್ಕೆ ತನ್ನ ಶರ್ಟು ತೂಗುಹಾಕುತ್ತಿದ್ದ.

* * *

ಮಣ್ಣು ಮಾಡಿ ಬಂದು, ಕೈಕಾಲು ತೊಳೆದು, ಜನ ಕರಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ನೆಂಟರ ಹುಡುಗನೊಬ್ಬ ಭೀಮರಾಜನ ಕಾರಿನಲ್ಲಿ ಮುದುಕರನ್ನು ಬಿಟ್ಟುಬರಲು ಬಾಣಾವರಕ್ಕೆ ಹೋಗಿದ್ದ. ಅವ್ವ ಲಕ್ಕಮ್ಮ ನಡುಮನೆಯ ಮೂಲೆಯಲ್ಲಿ ಕಾಲು ಚಾಚಿ ಕೂತವಳು ಬೆಳಗಿನಿಂದ ಹತ್ತು ಮಾತೂ ಆಡಿರಲಿಲ್ಲ. ಬಳೆ ಒಡೆಯುವುದು ಬೇಡವೆಂದು ಭೀಮರಾಜ್ ತಡೆದಿದ್ದ. ಒಡೆಯದ ಬಳೆಗಳನ್ನು ಅವಳು ಮುಂಗೈಯ ಮೇಲೆ ಮೇಲಕ್ಕೂ ಕೆಳಕ್ಕೂ ಸರಿಸುತ್ತಿದ್ದಳು.

ಆಗ ಮೋಹನ್‌ಕುಮಾರ್ ವಾಪಸು ಬಂದ. ಸಾಹೇಬರು ಒಪ್ಪಿದ್ದಾರೆ, ರೈಟರ ಬದಲು ತಾನೇ ಬರೆದುಕೊಳ್ಳುತ್ತೇನೆ ಎಂದ. ಮಾಲಿನಿ ಅವನಿಗೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಹೆಣ ಎತ್ತಿದ ದಿನ ಮನೆಯಿಂದ ಒಂದು ಕಡ್ಡಿಯೂ ಹೊರಗೆ ಹೋಗಬಾರದು ಎಂದು ಚಲುವಮ್ಮ ಅಡ್ಡ ಬಂದಳು. ಭೀಮರಾಜ್ ಮಾಲಿನಿಯನ್ನು ದುರುಗುಟ್ಟಿ ನೋಡಿ, ಇದು ನಿನ್ನ ಕೆಲಸ ತಾನೆ ಎಂದ. ಹೂಂ ಎಂದಳು. ಅಣ್ಣ ಇನ್ನೂ ಆರಿಲ್ಲ, ಆಗಲೇ ಅವನ ಮರ್ಯಾದೆ ಸ್ಟೇಷನ್ನಿಗೆ ಕಳಿಸ್ತಿದೀಯಲ್ಲವ್ವ ಎಂದ. ಮಾಲಿನಿ ಅದಕ್ಕೂ ಹೂಂ ಎಂದಳು.

"ಕೀ ಯಾರ ತಾವ ಐತೆ?" ಎಂದು ಮೋಹನ್‌ಕುಮಾರ್ ಕೇಳಿದ.

ಸಮ್ಯಕ್ ಬೀಗ ತೆಗೆದ. ಕೋವಿ ಎತ್ತಿಕೊಂಡ ರೀತಿ ಥೇಟು ಅಪ್ಪನದೇ, ನಳಿಗೆ ಮೇಲೆ, ಬೆರಳು ಟ್ರಿಗರಿನಿಂದ ದೂರ. ನಡುವೆ ಮಡಚಿ ತೆರೆದು, ಖಾಲಿ ಎಂದು ತೋರಿಸಿದ. ಆಮೇಲೆ ನಳಿಗೆಗಳನ್ನು ಟ್ಯೂಬ್‌ಲೈಟಿನ ಕಡೆ ಎತ್ತಿ ಕಣ್ಣಿಟ್ಟು ನೋಡಿದ. ನಳಿಗೆಯೊಳಗಿಂದ ಬಂದ ಬೆಳಕು ಅವನ ಕಣ್ಣಿನ ಸುತ್ತ ಒಂದು ಸಣ್ಣ ಬಿಳಿ ಬಳೆಯ ಹಾಗೆ ಬಿತ್ತು. ಅವನು ನೋಡುತ್ತಲೇ ಇದ್ದ. ಅಣ್ಣ ಚೊಕ್ಕವಾಗಿಟ್ಟಿದ್ದ ಎಂದು ಭೀಮರಾಜ್ ಹೇಳಿದ. ಕೊನೆಗೆ ಸಮ್ಯಕ್ ಕೋವಿ ಇಳಿಸಿದ.

ತೋಟಾ ಬೆಲ್ಟನ್ನು ಮೇಜಿನ ಮೇಲೆ ಹರಡಿ ಮೋಹನ್‌ಕುಮಾರ್ ಲೈಸೆನ್ಸಿನ ಜೊತೆ ತಾಳೆ ನೋಡಿದ. ಮತ್ತೆ ನೋಡಿದ. ಬೆಲ್ಟಿನ ಒಂದು ಕುಣಿಕೆಯೊಳಗೆ ಬೆರಳು ತೂರಿಸಿ ಆಡಿಸಿದ.

"ಒಂದು ಕಮ್ಮಿ ಐತಲ್ಲ. ಎಲ್ಲೋಯ್ತು?"

ಗೊತ್ತಿಲ್ಲ ಅಂದರೆ ಬರೆದುಕೊಳ್ಳಲು ಆಗಲ್ಲ, ತೋಟಾ ಕಳೆದಿದೆ ಅಂದರೆ ಸಾಹೇಬರು ಮನೆಗೇ ಬರುತ್ತಾರೆ ಎಂದು ಅವನು ಬೇಸರದಿಂದಲೇ ವಿವರಿಸಿದ. ಮಾಲಿನಿ ಒಂದು ಸುಳ್ಳಿಗೆ ತಡಕಾಡಿದಳು. ರೋಗಿಗಳ ಮನೆಯವರಿಗೆ ದಿನಕ್ಕೆಷ್ಟೋ ಸುಳ್ಳು ಹೇಳುವ ಬಾಯಿಗೆ ಒಂದೂ ಬರಲಿಲ್ಲ. ಸಮ್ಯಕ್ ತುಟಿ ಒದ್ದೆ ಮಾಡಿಕೊಂಡ.

"ಅದು, ನಾನು ಆವತ್ತು..."

"ಹಂದಿಗೆ ಹೊಡೆದ್ರು," ಎಂದಳು ಲಕ್ಕಮ್ಮ.

ಎಲ್ಲರೂ ಮೂಲೆಯ ಕಡೆ ತಿರುಗಿದರು. ಅವಳು ಬಳೆ ನೋಡುತ್ತಲೇ ಕೂತಿದ್ದಳು.

"ಯಾರವ್ವ?" ಎಂದ ಮೋಹನ್‌ಕುಮಾರ್.

"ಇನ್ಯಾರು, ಅವ್ರು. ಹೋದ ಸುಗ್ಗೀಲಿ. ರಾಗಿ ಹೊಲಕ್ಕೆ ಬಂದಿತ್ತು. ನಾನೂ ಜತೇಲಿದ್ದೆ."

"ಬಿತ್ತಾ?"

"ಇಲ್ಲ. ಗುರಿ ತಪ್ತು."

ಭೀಮರಾಜನಿಗೆ ತಡೆಯಲಾಗಲಿಲ್ಲ. ಅಣ್ಣ ಗುಂಡು ಹಾರಿಸಿದ್ದೇ ಸುಳ್ಳು, ಹಾರಿಸಿದ್ದರೂ ಅಣ್ಣನ ಗುರಿ ತಪ್ಪುವುದುಂಟೇ, ಏನತ್ತಿಗೆ ನೀವು ಹೇಳೋದು ಎಂದ.

"ತಪ್ತು ಕಣಪ್ಪ," ಎಂದಳು ಲಕ್ಕಮ್ಮ. "ಕೈ ನಡುಗ್ತು. ನಾಚ್ಕೆಯಾಗಿ ಯಾರಿಗೂ ಹೇಳ್ಲಿಲ್ಲ. ನೀನೂ ಹೇಳ್ಬ್ಯಾಡ."

ಬದುಕಿರುವವರಾಗಿದ್ದರೆ ಕೇಸು ಮಾಡಬೇಕಾಗಿತ್ತು ಎಂದು ಮೋಹನ್‌ಕುಮಾರ್ ಗೊಣಗಿ, ಬರೆದುಕೊಂಡ. ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳುತ್ತಿತ್ತು. ಸೈನ್ಯ ಬಿಟ್ಟ ಮೇಲೆ ಒಂದೂ ಗುಂಡು ಹಾರಿಸದ ಗನ್‌ಮ್ಯಾನು ಆ ಸಾಲಿನಲ್ಲಿ ಹಂದಿಗೆ ಗುರಿಯಿಟ್ಟು ತಪ್ಪಿದವನಾದ. ಮಾಲಿನಿ ಅವ್ವನನ್ನು ನೋಡಿದಳು. ಎರಡು ವರ್ಷದಿಂದ ಅವ್ವ ಚಾಪೆಯನ್ನು ಸಮ್ಯಕನ ಕೋಣೆಯ ಹೊಸಿಲಿಗೆ ಅಡ್ಡವಾಗಿ ಹಾಸಿಕೊಳ್ಳುತ್ತಿದ್ದಳು. ಅಲ್ಲೇ ಗಾಳಿ ಬರೋದು ಎನ್ನುತ್ತಿದ್ದಳು. ಅಲ್ಲಿ ಗಾಳಿ ಬರುತ್ತದೆಯೇ ಎಂದು ಮಾಲಿನಿ ಒಂದು ದಿನವೂ ನಿಂತು ನೋಡಿರಲಿಲ್ಲ.

ಲಕ್ಕಮ್ಮ ಮಗನ ಕಡೆ ತಿರುಗಲಿಲ್ಲ. ಸಮ್ಯಕ್ ಕೋವಿ ಹಿಡಿದುಕೊಂಡು ಅವ್ವನ ನೆತ್ತಿಯನ್ನು ನೋಡುತ್ತ ನಿಂತಿದ್ದ.

ಮೋಹನ್‌ಕುಮಾರ್ ಕಾಗದ ಮಡಚಿದ. ಸ್ಟೇಷನ್ನಲ್ಲಿ ಸಾಹೇಬರ ಮುಂದೆ ವಾರಸುದಾರ ಸಹಿ ಹಾಕಬೇಕು, ಆದ್ದರಿಂದ ಸಮ್ಯಕ್ ತನ್ನ ಜೊತೆ ಬರಲಿ ಎಂದ.

"ನಾನು ಬರ್ತೀನಿ," ಎಂದಳು ಮಾಲಿನಿ. ಮಗಳೂ ವಾರಸುದಾರಳೇ ಅಲ್ಲವೇ ಎಂದಳು. ಸಾಹೇಬರು ಮಗನ ಹೆಸರು ಬರೆದುಬಿಟ್ಟಿದ್ದಾರೆ, ಈಗ ಬದಲಾಯಿಸಿದರೆ ಮತ್ತೆ ಸೋಮವಾರಕ್ಕೆ ಹೋಗುತ್ತದೆ ಎಂದ ಅವನು. ಮೂರು ಜನ ಬೈಕಲ್ಲಿ ಆಗಲ್ಲ ಸಿಸ್ಟರ್, ಮೇಲೆ ಗನ್ನು ಬೇರೆ ಎಂದ. ಕಾರು ಒಯ್ದ ಹುಡುಗನಿಗೆ ಫೋನು ಮಾಡಿದಳು. ಕಾರು ಇನ್ನೂ ಬಾಣಾವರದ ರೈಲ್ವೆ ಗೇಟಿನಲ್ಲಿ ನಿಂತಿತ್ತು. ಅಷ್ಟು ಹೊತ್ತು ಕಾಯಲು ಅವನಿಗೆ ಡ್ಯೂಟಿಯಿತ್ತು. ತೋಟಾಗಳನ್ನಾದರೂ ನಿಮ್ಮ ಹತ್ತಿರ ಇಟ್ಟುಕೊಳ್ಳಿ ಎಂದಳು. ಅವನು ಬೆಲ್ಟನ್ನು ಬೈಕಿನ ಮುಂದಿನ ಚೀಲಕ್ಕೆ ಹಾಕಿ ಜಿಪ್ಪೆಳೆದು, ಆಯ್ತಾ ಎನ್ನುವಂತೆ ನೋಡಿದ.

ಹಾಗೇ ಹಿಡಿದುಕೊಂಡು ಹೋದರೆ ದಾರಿಯಲ್ಲಿ ಜನ ಗಾಬರಿಯಾಗುತ್ತಾರೆ ಎಂದು ಲಕ್ಕಮ್ಮ ತನ್ನ ಹಳೇ ಸೀರೆಯೊಂದನ್ನು ಕೋವಿಗೆ ಸುತ್ತಿದಳು. ಸುತ್ತಿ ಮುಗಿದ ಮೇಲೂ ಕೈ ತೆಗೆಯಲು ಒಂದಿಷ್ಟು ಹೊತ್ತಾಯಿತು.

ಮಾಲಿನಿ ಗೇಟಿನವರೆಗೆ ಹೋದಳು. ತಮ್ಮನಿಗೆ ಏನಾದರೂ ಹೇಳಬೇಕು.

"ಸಹಿ ಹಾಕಿದ ತಕ್ಷಣ ಫೋನ್ ಮಾಡು," ಎಂದಳು.

"ಹೂಂ."

"ಬಸ್‌ಸ್ಟ್ಯಾಂಡ್ ಹತ್ರ ನಿಲ್ಲಬೇಡ. ಆಟೋ ಹತ್ತಿ ಸೀದಾ ಬಾ."

"ಬತ್ತೀನಿ ಅಕ್ಕ," ಎಂದ ಸಮ್ಯಕ್.

ಬೈಕು ಹೊರಟಿತು. ಹಿಂದಿನ ಸೀಟಿಗೆ ಹಿಡಿಕೆಯಿರಲಿಲ್ಲ. ಸೀರೆ ಸುತ್ತಿದ ಕೋವಿ ಸಮ್ಯಕನ ಎರಡು ಮೊಣಕಾಲಿನ ನಡುವೆ ನೇರ ನಿಂತು, ಅದರ ತುದಿ ಅವನ ಕಿವಿಯವರೆಗೂ ಬಂದಿತ್ತು. ಬೀದಿಯ ತುದಿಯ ರಸ್ತೆಯುಬ್ಬಿನ ಮೇಲೆ ಬೈಕು ಎಗರಿತು. ಬೀಳದೆ ಇರಲು ಹಿಡಿದುಕೊಳ್ಳುವುದಕ್ಕೆ ಸಮ್ಯಕನಿಗೆ ಬೇರೇನೂ ಇರಲಿಲ್ಲ. ಅದನ್ನೇ ಎರಡೂ ಕೈಯಿಂದ ಅವುಚಿಕೊಂಡು, ಕೆನ್ನೆಯನ್ನು ಅದಕ್ಕೆ ಒತ್ತಿ ಹಿಡಿದ.